ಆರ್‌ಟಿ ಹಾಕದ ಟ್ಯೂಬಿನಲ್ಲೂ ಮ್ಯಾಲಟ್1 ಸಿಗ್ನಲ್ ಬಂದರೆ
ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ (ಆರ್‌ಟಿ, ಆರ್‌ಎನ್‌ಎಯಿಂದ ಡಿಎನ್‌ಎ ಪ್ರತಿ ಮಾಡುವ ಕಿಣ್ವ) ಹಾಕದ ಟ್ಯೂಬಿನಲ್ಲೂ ಪಿಸಿಆರ್ (ಡಿಎನ್‌ಎ ನಕಲು ಹೆಚ್ಚಿಸಿ ಅಳೆಯುವ ಪರೀಕ್ಷೆ) ಮಾಡಿದಾಗ ಮ್ಯಾಲಟ್1 (ಪ್ರೋಟೀನ್ ಮಾಡದ ಒಂದು ಉದ್ದನೆಯ ಆರ್‌ಎನ್‌ಎ) ಸಿಗ್ನಲ್ ಬರುತ್ತಿದೆ, ಏಕೆ ಎಂದು ಕೇಳಿದ್ದೀರಿ. ಆರ್‌ಎನ್‌ಎ ಬದಲು ಬರೀ ನೀರು ಹಾಕಿದ ಟ್ಯೂಬ್ ಶುದ್ಧವಾಗಿದ್ದರೆ, ಅದು ಉಳಿದುಕೊಂಡ ಜೀನೋಮಿಕ್ ಡಿಎನ್‌ಎ. ಈ ಆರ್‌ಎನ್‌ಎಯ ಮುಖ್ಯ ರೂಪದಲ್ಲಿ ಇಂಟ್ರಾನ್ (ಆರ್‌ಎನ್‌ಎ ಸಿದ್ಧವಾಗುವಾಗ ಕತ್ತರಿಸಿಹೋಗುವ ಭಾಗ) ಇಲ್ಲ; ಡಿಎನ್‌ಎ ನಕಲಾಗದಂತೆ ಎಕ್ಸಾನ್ (ಉಳಿಯುವ ಭಾಗ) ಸಂಧಿಯ ಮೇಲೆ ಪ್ರೈಮರ್ (ನಕಲು ಶುರುಮಾಡುವ ಚಿಕ್ಕ ತುಣುಕು) ಕೂರಿಸುವ ಉಪಾಯ ಇಲ್ಲಿ ನಡೆಯದು.

1 ಮೈಕ್ರೋಗ್ರಾಂ ಆರ್‌ಎನ್‌ಎಗೆ 1 ಯೂನಿಟ್ ಡಿಎನೇಸ್ (ಡಿಎನ್‌ಎ ಕತ್ತರಿಸುವ ಕಿಣ್ವ) ಹಾಕಿ 37 ಡಿಗ್ರಿಯಲ್ಲಿ 30 ನಿಮಿಷ ಇಡಿ. ಆಮೇಲೆ ಇಡಿಟಿಎ (ಮೆಗ್ನೀಸಿಯಂ ಹಿಡಿದಿಡುವ ರಾಸಾಯನಿಕ) ಸುಮಾರು 5 ಮಿಲಿಮೋಲಾರ್ ಆಗುವಂತೆ ಬೆರೆಸಿ, 65 ಡಿಗ್ರಿಯಲ್ಲಿ 10 ನಿಮಿಷ. ಇಡಿಟಿಎ ಮರೆತು ಕಾಯಿಸಿದಿರೋ, ಮೆಗ್ನೀಸಿಯಂ ಆರ್‌ಎನ್‌ಎಯನ್ನೇ ತುಂಡರಿಸುತ್ತದೆ! ಆರ್‌ಟಿ ಹಾಕಿದ, ಹಾಕದ ಎರಡೂ ಟ್ಯೂಬುಗಳ ಸಿಟಿ (Ct, ಸಿಗ್ನಲ್ ಕಾಣಿಸುವ ಪಿಸಿಆರ್ ಸುತ್ತಿನ ಸಂಖ್ಯೆ) ಅಂತರ ಕನಿಷ್ಠ 7 ಇರಲಿ. ಆಗ ಡಿಎನ್‌ಎ ಪಾಲು ಶೇ. 1ರೊಳಗೆ ನಿಲ್ಲುತ್ತದೆ.

ಒಲಿಗೊ-ಡಿಟಿ (ಪಾಲಿ-ಎ ಬಾಲಕ್ಕೆ, ಅಂದರೆ ಆರ್‌ಎನ್‌ಎ ತುದಿಯ ‘ಎ’ಗಳ ಸಾಲಿಗೆ ಅಂಟುವ ಪ್ರೈಮರ್) ಒಂದನ್ನೇ ನಂಬಬೇಡಿ, ಮ್ಯಾಲಟ್1ಗೆ ಮಾಮೂಲಿ ಪಾಲಿ-ಎ ಬಾಲವಿಲ್ಲ. ರ‍್ಯಾಂಡಮ್ ಹೆಕ್ಸಾಮರ್ (ಆರ್‌ಎನ್‌ಎಯ ಎಲ್ಲೆಂದರಲ್ಲಿ ಅಂಟುವ ಆರಕ್ಷರದ ಪ್ರೈಮರ್) ಬಳಸಿ.

ನಿಮ್ಮ ಮಾದರಿ ಪ್ಲಾಸ್ಮಾ (ರಕ್ತದ ದ್ರವಭಾಗ) ಆದರೆ, ಜಯನಗರದಲ್ಲಿ ತೆಗೆದ ರಕ್ತವನ್ನು ಟ್ರಾಫಿಕ್ಕಿನಲ್ಲಿ ಯಲಹಂಕಕ್ಕೆ ಹಾಗೇ ಒಯ್ಯಬೇಡಿ. ದಾರಿಯಲ್ಲೇ ಬಿಳಿ ರಕ್ತಕಣ ಒಡೆದು ಡಿಎನ್‌ಎ, ಮ್ಯಾಲಟ್1 ಎರಡೂ ಸೋರುತ್ತವೆ. ರಕ್ತ ತೆಗೆದಲ್ಲೇ ಪ್ಲಾಸ್ಮಾ ಬೇರ್ಪಡಿಸಿ.