ಕಂಪನಿಯನ್ನು ಯಾರೋ ಕೊಳ್ಳುತ್ತಾರೆಂದು ಕಾದವರು

ತಾವು ಷೇರು ಇಟ್ಟುಕೊಂಡಿರುವ ಕಂಪನಿಯನ್ನು ಇನ್ನೊಂದು ದೊಡ್ಡ ಕಂಪನಿ ಕೊಂಡೇ ಕೊಳ್ಳುತ್ತದೆಂದು ನಂಬಿ ಹಣ ಕಳೆದುಕೊಂಡವರು ಸಲಹೆ ಕೇಳಲು ಮಡಿಕೇರಿಯ ನನ್ನ ಕೊಠಡಿಗೆ ಬರುವುದು ಹೊಸದಲ್ಲ. ಝೀ ಮತ್ತು ಸೋನಿ ವಿಲೀನದ ಒಪ್ಪಂದ 2024ರ ಜನವರಿ 22ರಂದು ಮುರಿದುಬಿದ್ದು, ಮರುದಿನ ಝೀ ಷೇರು ಸುಮಾರು ಶೇ. 30ರಷ್ಟು ಕುಸಿದ ಬಳಿಕವೂ ಅಂಥವರು ಬಂದರು. ಅವರ ಮಾತು ಕೇಳುವಾಗ 2001ರ ಮಳೆಗಾಲದಲ್ಲಿ ಬಂದಿದ್ದ ದಂಪತಿ ನೆನಪಾಗುತ್ತಾರೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಆ ಪ್ರಕರಣವನ್ನು ಬರೆಯುತ್ತಿದ್ದೇನೆ.

ಪತಿ ದಕ್ಷಿಣ ಕೊಡಗಿನ ಕಾಫಿ ಬೆಳೆಗಾರರು. 1999ರ ನವೆಂಬರ್‌ನಲ್ಲಿ ಸತ್ಯಂ ಇನ್ಫೋವೇ ಎಂಬ ಇಂಟರ್ನೆಟ್ ಕಂಪನಿ ಇಂಡಿಯಾವರ್ಲ್ಡ್ ಎಂಬ ಜಾಲತಾಣಗಳ ಕಂಪನಿಯನ್ನು 499 ಕೋಟಿ ರೂಪಾಯಿಗೆ ಕೊಳ್ಳಲು ಮುಂದಾದದ್ದು, 2000ದ ಜನವರಿ 10ರಂದು ಅಮೆರಿಕ ಆನ್‌ಲೈನ್ ಎಂಬ ಇಂಟರ್ನೆಟ್ ಕಂಪನಿ ಟೈಮ್ ವಾರ್ನರ್‌ನಂಥ ಹಳೆಯ ಮಾಧ್ಯಮ ಸಂಸ್ಥೆಯನ್ನೇ ಕೊಳ್ಳುವುದಾಗಿ ಸಾರಿದ್ದು ಅವರ ತಲೆಯಲ್ಲಿ ಒಂದಾಗಿ, ಮುಂಬಯಿಯ ಒಂದು ಟಿವಿ ಕಂಪನಿಯನ್ನೂ ವಿದೇಶಿಯರು ಕೊಳ್ಳುವುದು ಖಚಿತವೆಂಬ ತೀರ್ಮಾನಕ್ಕೆ ಬಂದು, ಚೆರಿ (ಒಣಗಿಸಿದ ಕಾಫಿ ಹಣ್ಣು) ಮಾರಿದ ಹಣವನ್ನೂ ಬೆಳೆಸಾಲದ ಒಂದು ಭಾಗವನ್ನೂ ಅದರ ಷೇರಿಗೆ ಹಾಕಿದ್ದರು. ನನ್ನ ಬಳಿ ಬಂದದ್ದು ನಿದ್ದೆ ಬರುತ್ತಿಲ್ಲವೆಂಬ ದೂರಿನೊಂದಿಗೆ.

ಎಷ್ಟು ನಷ್ಟವಾಯಿತೆಂದು ಕೇಳಿದಾಗ ಅವರು ಥಟ್ಟನೆ ಒಂದು ದೊಡ್ಡ ಮೊತ್ತ ಹೇಳಿದರು. ಅದು 2000ದ ಫೆಬ್ರವರಿಯಲ್ಲಿ, ಪೇಟೆ ತುತ್ತತುದಿಯಲ್ಲಿದ್ದಾಗ, ಆ ಷೇರುಗಳಿಗಿದ್ದ ಬೆಲೆ. ಕೈಯಿಂದ ಹಾಕಿದ್ದು ಎಷ್ಟೆಂದು ಕೇಳಿದರೆ ಮೌನ. ಮುಚ್ಚಿಡುತ್ತಿರಲಿಲ್ಲ, ನಿಜವಾಗಿಯೂ ನೆನಪಿರಲಿಲ್ಲ. ಉತ್ತರ ಕೊಟ್ಟವರು ಪತ್ನಿ: “ಎರಡು ವರ್ಷದ ಚೆರಿ, ಒಂದು ಸಲದ ಗೊಬ್ಬರ, ನೆರಳುಮರಗಳ ಕೊಂಬೆ ಸವರಿದ ಮರಗಸಿಯ ಕೂಲಿ. ಹೋದದ್ದು ಇಷ್ಟೇ. ಉಳಿದದ್ದು ಇವರು ಕಾಗದದಲ್ಲಿ ಕಂಡದ್ದು.”

ಪತಿ ಒಪ್ಪಲಿಲ್ಲ. ಇಂದಲ್ಲ ನಾಳೆ ಯಾರಾದರೂ ಕೊಳ್ಳುತ್ತಾರೆ ಎಂದರು. “ಕಾಫಿಗೂ ಬೆಲೆ ಬರುವ ತನಕ ಗೋದಾಮಿನಲ್ಲಿಟ್ಟು ಕಾಯುವುದಿಲ್ಲವೇ?” ಈ ವಾದಕ್ಕೆ ನನ್ನಲ್ಲಿ ತಕ್ಷಣ ಉತ್ತರವಿರಲಿಲ್ಲ, ಏಕೆಂದರೆ ಕೊಡಗಿನಲ್ಲಿ ಕಾಯದೆ ಕಾಫಿ ಮಾರುವವರನ್ನು ಯಾರೂ ಜಾಣರೆನ್ನುವುದಿಲ್ಲ. ಪತ್ನಿ ಮಾತ್ರ ತಡವರಿಸದೆ ಹೇಳಿದರು: “ಕಾಫಿ ಇಟ್ಟು ಕಾಯುವಾಗ ನೀವು ನಿದ್ದೆ ಮಾಡುತ್ತಿದ್ದಿರಿ.”

ಆ ಮಾತಿನ ಬಳಿಕವೇ ಪತಿ ನನ್ನ ವಿವರಣೆಗೆ ಕಿವಿಗೊಟ್ಟದ್ದು. ಇಂಡಿಯಾವರ್ಲ್ಡ್ ಷೇರುಪೇಟೆಯಲ್ಲಿ ಇದ್ದ ಕಂಪನಿಯೇ ಅಲ್ಲ, ಆ ಕೋಟಿಗಳಲ್ಲಿ ಸಾಮಾನ್ಯ ಹೂಡಿಕೆದಾರನ ಪಾಲಿರಲಿಲ್ಲ. ಟೈಮ್ ವಾರ್ನರ್ ಷೇರುದಾರರಿಗೆ ಸಿಕ್ಕಿದ್ದಾದರೂ ನಗದಲ್ಲ, ತಮ್ಮ ಒಂದು ಷೇರಿಗೆ ಹೊಸ ಕಂಪನಿಯ ಒಂದೂವರೆ ಷೇರು. ಆ ಷೇರಿನ ಬೆಲೆ ಇಳಿದರೆ, ಖರೀದಿಯ ಸುದ್ದಿಯನ್ನು ಸರಿಯಾಗಿ ಊಹಿಸಿದವನೂ ಕೈಯಲ್ಲಿದ್ದುದನ್ನು ಕಳೆದುಕೊಳ್ಳುತ್ತಾನೆ. ಆ ಹೊಸ ಕಂಪನಿ 2002ನೇ ಸಾಲಿಗೆ ಸುಮಾರು 9,900 ಕೋಟಿ ಡಾಲರ್ ನಷ್ಟ ತೋರಿಸಿದ್ದು ನಂತರದ ಮಾತು.

ನಷ್ಟವನ್ನು ತುತ್ತತುದಿಯಿಂದಲ್ಲ, ಹಾಕಿದ ಮೊತ್ತದಿಂದ ಎಣಿಸಿ ಪತ್ನಿಯ ಲೆಕ್ಕದ ಪುಸ್ತಕದಲ್ಲೇ ಬರೆದಿಡಬೇಕೆಂದೂ, ಯಾರೋ ಕೊಳ್ಳುತ್ತಾರೆ ಎಂಬುದನ್ನು ಬಿಟ್ಟು ಆ ಷೇರನ್ನು ಉಳಿಸಿಕೊಳ್ಳಲು ಬೇರೆ ಕಾರಣವಿದೆಯೇ ಎಂದು ಇಬ್ಬರೂ ಕೂತು ಕೊಡಗಿನ ಸುಗ್ಗಿಹಬ್ಬವಾದ ಹುತ್ತರಿಯೊಳಗೆ ನಿರ್ಧರಿಸಬೇಕೆಂದೂ ಸಲಹೆ ಕೊಟ್ಟೆ. ಬೆಳೆಸಾಲದ ವಿಷಯವನ್ನು ಬ್ಯಾಂಕಿನವರು ಕೇಳುವ ಮೊದಲೇ ಹೋಗಿ ಹೇಳಿರೆಂದೂ ತಿಳಿಸಿದೆ. ನೇರವಾಗಿ ಮಾರಿಬಿಡಿ ಎನ್ನದೆ ಜಾರಿಕೊಂಡಿರೆಂದು ಸ್ನೇಹಿತರೊಬ್ಬರು ಆಕ್ಷೇಪಿಸಿದರು. ನಾನು ಹಾಗೆ ಭಾವಿಸುವುದಿಲ್ಲ. ದಲ್ಲಾಳಿಯ ಮಾತಿಗೆ ಕೊಂಡವರು ನನ್ನ ಮಾತಿಗೆ ಮಾರಿದ್ದರೆ, ಮುಂದಿನ ಸಲ ಮೂರನೆಯವರೊಬ್ಬರ ಮಾತಿಗೆ ಮತ್ತೆ ಕೊಳ್ಳುತ್ತಿದ್ದರು.

ಹುತ್ತರಿಗೆ ಮೊದಲೇ ಬಹುಪಾಲು ಮಾರಿದರೆಂದು ತಿಳಿಯಿತು. ಕಾಫಿ ಬೆಲೆಯೂ ಆಗ ನೆಲ ಕಚ್ಚಿದ್ದರಿಂದ ಸಾಲ ಬೇಗ ತೀರಲಿಲ್ಲ, ನಿದ್ದೆಯೂ ಒಮ್ಮೆಗೇ ಮರಳಲಿಲ್ಲ. ಈಗ ಬರುವವರು ಮೊಬೈಲ್ ತೆರೆದು ತೋರಿಸುತ್ತಾರೆ, ಅವರೂ ಮೊದಲು ಓದಿ ಹೇಳುವುದು ಒಂದು ಕಾಲದಲ್ಲಿ ಕಂಡ ಗರಿಷ್ಠ ಮೊತ್ತವನ್ನೇ. ಪೂರ್ತಿ ಬೆಲೆ ಕೊಡದೆ, ಒಂದು ಭಾಗವನ್ನಷ್ಟೇ ಕಟ್ಟಿ ಮುಂದಿನ ದಿನಾಂಕಕ್ಕೆ ಷೇರು ಕೊಳ್ಳುವ ಫ್ಯೂಚರ್ಸ್ ವಹಿವಾಟಿನಲ್ಲಿ ಕೈಯಿಂದ ಹಾಕಿದ್ದೆಷ್ಟು, ಸಾಲ ತಂದದ್ದೆಷ್ಟು ಎಂಬುದು ಇನ್ನಷ್ಟು ಕಲಸಿಹೋಗಿರುತ್ತದೆ. ಆದ್ದರಿಂದ ಎರಡನೆಯ ಭೇಟಿಗೆ ಬ್ಯಾಂಕ್ ಪಾಸ್‌ಬುಕ್ಕನ್ನೂ ಮನೆಯ ಲೆಕ್ಕ ನೋಡಿಕೊಳ್ಳುವವರನ್ನೂ ಜೊತೆಗೆ ಕರೆತರಲು ಹೇಳುತ್ತೇನೆ.