ಗ್ವಾಂಗ್‌ಜುನಲ್ಲಿ ‘ಬಾಂಚಾನ್ ಬೇಡ, ರೇಟು ಕಡಿಮೆ ಮಾಡಿ’ ಅಂತ ಕೇಳಬಹುದಾ?

ನೀವು ಸಸ್ಯಾಹಾರಿ. ಎರಡು ವರ್ಷ ದಕ್ಷಿಣ ಕೊರಿಯಾದ ಗ್ವಾಂಗ್‌ಜುನಲ್ಲಿ ಸಂಶೋಧನೆ. ಊಟದ ಜೊತೆ ಸಣ್ಣ ತಟ್ಟೆಗಳಲ್ಲಿ ಬರುವ ಹತ್ತು ಹನ್ನೆರಡು ಬಾಂಚಾನ್‌ಗಳಲ್ಲಿ, ಅಂದರೆ ನಂಚಿಕೊಳ್ಳುವ ಪದಾರ್ಥಗಳಲ್ಲಿ, ಅರ್ಧಕ್ಕೆ ಮೀನು ಬಿದ್ದಿರುತ್ತೆ. ಅನ್ನ, ಸೂಪು, ಎರಡು ಪಲ್ಯ ಸಾಕು, ದುಡ್ಡು ಕಡಿಮೆ ಮಾಡಿ ಅಂತ ಕೇಳಬಹುದಾ, ಇಲ್ಲ ಸಿಯೋಲ್‌ಗೇ ಹೋಗೋದು ವಾಸಿಯಾ ಅಂತ ನಿಮ್ಮ ಪ್ರಶ್ನೆ. ಕೇಳಬೇಡಿ. ನಾನು ಕೇಳಿದ್ದೆ.

2015ರಲ್ಲಿ ಶಿವಮೊಗ್ಗದಿಂದ ನೇರ ಅಲ್ಲಿಗೆ ಹೋದವನು ನಾನು. ಕ್ಯಾಂಪಸ್ಸಿನ ಹಿಂದಿನ ಗೇಟಿನ ಎದುರು ಒಂದು ಬೆಕ್‌ಬಾನ್ ಅಂಗಡಿ ಇತ್ತು. ಅನ್ನ, ಸೂಪು, ಸುತ್ತ ಬಾಂಚಾನ್, ಎಲ್ಲ ಸೇರಿ 6,000 ವಾನ್. ನಡೆಸುತ್ತಿದ್ದವರು ಅರವತ್ತು ದಾಟಿದ ಹೆಂಗಸು. ಎಲ್ಲರೂ ಅವರನ್ನು ‘ಇಮೋ’ ಅಂತ ಕರೀತಿದ್ದರು. ಇಮೋ ಅಂದರೆ ಅಮ್ಮನ ಅಕ್ಕ ಅಥವಾ ತಂಗಿ, ನಮ್ಮ ದೊಡ್ಡಮ್ಮ, ಚಿಕ್ಕಮ್ಮ. ಬೀದಿಯಲ್ಲಿ ಸಿಕ್ಕರೆ ಮೊದಲ ಮಾತು ‘ಊಟ ಆಯ್ತಾ?’. ಕೊರಿಯಾದಲ್ಲೂ ಯೋಗಕ್ಷೇಮ ಕೇಳೋದು ಹಾಗೇ.

ಹನ್ನೆರಡು ತಟ್ಟೆಯಲ್ಲಿ ನಾನು ತಿನ್ನುತ್ತಿದ್ದದ್ದು ನಾಲ್ಕು. ಸೋಯಾ ಮೊಳಕೆ, ಪಾಲಕ್, ಜರೀಗಿಡದ ಚಿಗುರಿನ ಪಲ್ಯ, ಬೇಯಿಸಿದ ತೋಫು. ಉಳಿದದ್ದು ಬಕೆಟ್ಟಿಗೆ. ಒಬ್ಬರ ಮುಂದೆ ಇಟ್ಟದ್ದನ್ನು ಇನ್ನೊಬ್ಬರಿಗೆ ಬಡಿಸುವ ಹಾಗಿಲ್ಲ, ಕಾನೂನೇ ಇದೆ. ಎಲೆಯಲ್ಲಿ ಅಗುಳು ಬಿಟ್ಟರೂ ಬೈಸಿಕೊಂಡು ಬೆಳೆದವನಿಗೆ ಅದನ್ನು ದಿನಾ ನೋಡೋದು ಕಷ್ಟವಾಯಿತು. ಲ್ಯಾಬಿನ ಗೆಳೆಯನ ಕೈಲಿ ಚೀಟಿ ಬರೆಸಿದೆ. ‘ನಾನು ಮೀನು, ಮಾಂಸ ತಿನ್ನಲ್ಲ. ಅನ್ನ, ಎರಡು ಪಲ್ಯ ಸಾಕು. 4,000 ವಾನ್ ಕೊಡುತ್ತೇನೆ.’ ಮಧ್ಯಾಹ್ನ ಅಂಗಡಿ ತುಂಬಿದ್ದಾಗ ಅದನ್ನು ಇಮೋ ಕೈಗೆ ಕೊಟ್ಟೆ.

ಅವರು ಓದಿ ಮಡಚಿ ಏಪ್ರನ್ ಜೇಬಿಗೆ ಹಾಕಿಕೊಂಡರು. ಅನ್ನ ಬಂತು, ಎರಡು ತಟ್ಟೆ ಬಂತು. ಅಷ್ಟು ದೊಡ್ಡ ಟೇಬಲ್ಲಿನ ಮೇಲೆ ಎರಡೇ ತಟ್ಟೆ. ಪಕ್ಕದವರು ತಿರುಗಿ ನೋಡಿದರು. 4,000 ತಗೊಂಡು ಇಮೋ ಒಳಗೆ ಹೋದರು.

ತಪ್ಪು ಎಲ್ಲಾಯಿತು ಅಂತ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ಅಲ್ಲೇ ಎಡವೋದು. ಮೀನು ತಿನ್ನಲ್ಲ ಅಂದದ್ದು ತಪ್ಪಲ್ಲ. ತಪ್ಪು ಆ 4,000. ಬಾಂಚಾನ್‌ಗೆ ಅಲ್ಲಿ ಬೇರೆ ರೇಟು ಇಲ್ಲ. ತರಕಾರಿಯವಳು ತೂಕ ಮಾಡಿದ ಮೇಲೆ ಮೇಲಿಂದ ಹಾಕುವ ಕೊಸರಿನ ಹಾಗೆ ಅದು, ಖಾಲಿಯಾದರೆ ಮತ್ತೆ ಹಾಕುತ್ತಾರೆ. ಕೊಸರು ಬೇಡ, ಅದರ ದುಡ್ಡು ವಾಪಸ್ ಕೊಡು ಅಂತ ಯಾರಾದರೂ ಕೇಳುತ್ತಾರಾ? ನಾನು ಕೇಳಿದ್ದು ಅದನ್ನೇ. ಮೇಲಾಗಿ ಅದು ಜೊಲ್ಲಾ ಸೀಮೆ, ಕೊರಿಯಾದ ನೈಋತ್ಯ ಮೂಲೆ. ಟೇಬಲ್ ಕಾಲು ಮುರಿಯುವಷ್ಟು ಬಡಿಸಬೇಕು ಅನ್ನುವ ಜನ. ಎರಡು ತಟ್ಟೆ ಇಟ್ಟಿದ್ದನ್ನು ಬೇರೆ ಗಿರಾಕಿಗಳು ನೋಡಿದರೆ ಆ ಅಂಗಡಿಯ ಮಾನ ಹೋಯಿತು ಅಂತ ಲೆಕ್ಕ. ಚೀಟಿ ಬರೆದುಕೊಟ್ಟ ಗೆಳೆಯ ಸಿಯೋಲ್‌ನವನು, ಅವನಿಗೂ ಇದು ಹೊಳೆದಿರಲಿಲ್ಲ.

ಆಮೇಲೆ ‘ಊಟ ಆಯ್ತಾ’ ನಿಂತಿತು. ನಾಚಿಕೆಯಿಂದ ನಾನೂ ಹೋಗೋದು ಬಿಟ್ಟೆ. ಆ ಚಳಿಗಾಲವೆಲ್ಲ ರೂಮಿನಲ್ಲಿ ಅನ್ನ, ಮೊಸರು, ಉಪ್ಪಿನಕಾಯಿ. ಐದು ಕೆಜಿ ಇಳಿದೆ. ಡಿಸೆಂಬರಿನಲ್ಲಿ ಇಮೋ ಚಳಿಗಾಲದ ಕಿಮ್ಚಿ (ಉಪ್ಪು ಖಾರ ಹಚ್ಚಿ ಹುದುಗಿಸಿದ ಕೋಸು) ಹಾಕಿ, ದಿನಾ ಬರುವವರಿಗೆಲ್ಲ ಒಂದೊಂದು ಡಬ್ಬಿ ಹಂಚಿದರಂತೆ. ಅದನ್ನು ಕೇಳಿದ ದಿನ ತುಂಬಾ ಬೇಜಾರಾಯಿತು.

ಮಾರ್ಚಿನಲ್ಲಿ ಅದೇ ಜೊಲ್ಲಾ ಸೀಮೆಯ ಮೊಕ್ಪೊ ಕಡೆಯ ಲ್ಯಾಬ್ ಸೀನಿಯರ್ ಒಬ್ಬರು ನನ್ನನ್ನು ಎಳೆದುಕೊಂಡು ಹೋದರು. ಕ್ಷಮೆ ಕೇಳಿದೆ. ಇಮೋ ಮೊದಲು ನಾನು ಸಣ್ಣಗಾದದ್ದಕ್ಕೆ ಬೈದರು. ಆಮೇಲೆ ಕೂತು ಅವರ ಅಮ್ಮನ ಸುದ್ದಿ ಹೇಳಿದರು. 1980ರ ಮೇ ತಿಂಗಳಲ್ಲಿ ಪ್ರಜಾಪ್ರಭುತ್ವ ಬೇಕು ಅಂತ ಬೀದಿಗಿಳಿದ ಗ್ವಾಂಗ್‌ಜು ಜನರ ಮೇಲೆ ಸೇನೆ ಬಿದ್ದಾಗ ಯಾಂಗ್‌ದೊಂಗ್ ಮಾರುಕಟ್ಟೆಯ ಹೆಂಗಸರು ಅನ್ನದ ಉಂಡೆ ಕಟ್ಟಿ ಹೋರಾಟದ ಹುಡುಗರಿಗೆ ಕೊಟ್ಟಿದ್ದರು. ಅವರಲ್ಲಿ ಇಮೋ ಅಮ್ಮನೂ ಒಬ್ಬರು. ‘ಅವತ್ತು ಯಾರೂ ಉಂಡೆ ಎಣಿಸಲಿಲ್ಲ’ ಅಂದರು. ನನಗೆ ಮಾತು ಹೊರಡಲಿಲ್ಲ.

ಅವತ್ತಿನಿಂದ ನನ್ನ ಟೇಬಲ್ಲಿಗೆ ಒಂಬತ್ತು ತಟ್ಟೆ. ಮೀನಿನ ತಟ್ಟೆ ಹೋಗಿ ಆ ಜಾಗಕ್ಕೆ ಸೊಪ್ಪು, ಕಮಲದ ಬೇರು, ಅಣಬೆ ಬಂದವು. ನನಗೋಸ್ಕರ ಜೊತ್‌ಗಾಲ್, ಅಂದರೆ ಉಪ್ಪಿನಲ್ಲಿ ಹುದುಗಿಸಿದ ಮೀನು, ಹಾಕದ ಕಿಮ್ಚಿಯನ್ನೂ ಬೇರೆ ಇಟ್ಟರು. ಇದರಲ್ಲಿ ‘ಗೆಮಿ’ ಇಲ್ಲ ಅಂತ ಪ್ರತಿ ಸಲ ಕೊರಗೋರು. ಗೆಮಿ ಜೊಲ್ಲಾದವರ ಮಾತು, ಅಗಿದಷ್ಟೂ ಬಿಡುವ ಒಳರುಚಿ. ನಾವು ಕೈರುಚಿ ಅನ್ನೋದಕ್ಕೆ ಕೊರಿಯನ್ನರು ‘ಸೊನ್‌ಮಾತ್’ ಅಂತಾರೆ, ಅಕ್ಷರಶಃ ಕೈಯ ರುಚಿಯೇ. ದುಡ್ಡು ಅದೇ 6,000.

ಸಿಯೋಲ್ ಆಲೋಚನೆ ಬಿಟ್ಟುಬಿಡಿ. ಊಟದ ಕಾರಣಕ್ಕೆ ಗ್ವಾಂಗ್‌ಜು ಬಿಟ್ಟು ಸಿಯೋಲ್‌ಗೆ ಹೋದರೆ ಜೊಲ್ಲಾದವರು ನಂಬೋದೇ ಇಲ್ಲ. ಕೊರಿಯಾದ ಅನ್ನದ ಬಟ್ಟಲು ಹೊನಾಮ್ ಬಯಲು ಜೊಲ್ಲಾ ಸೀಮೆಯಲ್ಲೇ ಇದೆ. ಪಶ್ಚಿಮಕ್ಕೆ ಕೆಸರು ತೀರ, ಸಿನಾನ್ ದ್ವೀಪಗಳ ಉಪ್ಪು. ಬೆಳೆ, ಮೀನು, ಉಪ್ಪು ಮೂರೂ ಕೈಗೆಟುಕುವಾಗ ತಟ್ಟೆ ಜಾಸ್ತಿಯಾಗದೆ ಇರುತ್ತಾ? ಜೊಲ್ಲಾದ ಊರೂರುಗಳ ನಡುವೆಯೇ ಜಗಳ ಬೇರೆ. 2012ರಲ್ಲಿ ಯುನೆಸ್ಕೋ ಆಹಾರ ನಗರ ಅಂತ ಗುರುತಿಸಿದ್ದು ನಮ್ಮನ್ನು ಅಂತ ಜೊಂಜುನವರು. ಸಾಸಿವೆ ಸೊಪ್ಪಿನ ಕಿಮ್ಚಿ ನಮ್ಮದು ಅಂತ ಯೊಸುನವರು. ಹುದುಗಿಸಿದ ಹೊಂಗೊ ಮೀನಿನ ಘಾಟು ತಡೆಯದವನಿಗೆ ಊಟ ಗೊತ್ತಿಲ್ಲ ಅಂತ ನಮ್ಮ ಸೀನಿಯರ್. ಸಿಯೋಲ್ ಕಿಮ್ಚಿ ಸಪ್ಪೆ ಅನ್ನೋದರಲ್ಲಿ ಮಾತ್ರ ಎಲ್ಲರೂ ಒಂದೇ.

‘ಚೊನುನ್ ಕೊಗಿ, ಸೆಂಗ್‌ಸೊನ್ ಮೊನ್ ಮೊಗೊಯೊ’ ಕಲಿತುಕೊಳ್ಳಿ, ಮಾಂಸ ಮೀನು ತಿನ್ನಲಾರೆ ಅಂತ. ಅಷ್ಟು ಹೇಳಿ ಸುಮ್ನಿರಿ, ದುಡ್ಡಿನ ಮಾತು ಬೇಡ. ಬೇಡದ ತಟ್ಟೆಯನ್ನು ಟೇಬಲ್ಲಿಗೆ ಇಳಿಸುವ ಮೊದಲೇ ನಗುತ್ತಾ ಟ್ರೇಯಲ್ಲೇ ಉಳಿಸಿ. ಸೂಪಿಗೆ ಒಣಮೀನು ಕುದಿಸಿದ ನೀರು ಹಾಕಿರುತ್ತಾರೆ, ಹಾಕಿದ್ದೀರಾ ಅಂತ ಮರೆಯದೆ ಕೇಳಿ. ಮಧ್ಯಾಹ್ನದ ಗದ್ದಲದಲ್ಲಿ ಒಬ್ಬರೇ ಹೋಗಬೇಡಿ, ಎಷ್ಟೋ ಕಡೆ ಒಬ್ಬರಿಗೆ ಅಷ್ಟು ತಟ್ಟೆ ಹಾಕಲ್ಲ. ರಜೆ ಸಿಕ್ಕಾಗ ಹತ್ತಿರದ ಜಾಂಗ್‌ಸೊಂಗ್‌ನ ಬೆಗ್ಯಾಂಗ್‌ಸಾ ಬೌದ್ಧ ಮಠಕ್ಕೆ ಹೋಗಿ ಬನ್ನಿ. ಅವರ ಅಡುಗೆಯಲ್ಲಿ ಮಾಂಸ, ಮೀನು ಇಲ್ಲ. ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ.

ಸಾರಿನ ಪುಡಿ ಮಾತ್ರ ಒಂದು ಕೆಜಿ ಜಾಸ್ತಿ ತಗೊಂಡು ಹೋಗಿ. ನಾನು ಕೊನೆಯ ವಾರ ಇಮೋಗೆ ಕೊಟ್ಟೆ. ಅವರು ಅದನ್ನು ಸೋಯಾ ಮೊಳಕೆಯ ಸೂಪಿಗೆ ಹಾಕಿ ಎಲ್ಲರಿಗೂ ಬಡಿಸಿದರು, ನನ್ನ ಚೀಲಕ್ಕೆ ಒಂದು ಕಟ್ಟು ಒಣಗಿದ ಜರೀ ಚಿಗುರು ತುಂಬಿದರು, ಅಮ್ಮನಿಗೆ ಅಂತ.