ಮೂರೂಕಾಲು ಇಂಚು ಮಳೆ 176 ಇಂಚು ಆಗಿದ್ದು ಹೇಗೆ?

ಪ್ರಶ್ನೆ: ನಮ್ಮದು ಸೋಮವಾರಪೇಟೆ ಹತ್ತಿರ ಕಾಫಿ ತೋಟ. ಅಪ್ಪ ದಿನಾ ಬೆಳಗ್ಗೆ ಮಳೆ ಅಳೆದು ಪುಸ್ತಕದಲ್ಲಿ ಬರೆಯುತ್ತಾರೆ. ಆ ಕೆಲಸ ತಾನಾಗೇ ಆಗಲಿ ಅಂತ ಇಎಸ್‌ಪಿ32 ಬೋರ್ಡಿಗೆ (ಪುಟ್ಟ ಕಂಪ್ಯೂಟರ್ ಚಿಪ್ ಇರುವ ಬೋರ್ಡ್) ಒಂದು ಮಳೆಮಾಪಕ ಜೋಡಿಸಿದ್ದೇನೆ. ಬೋರ್ಡಿನಲ್ಲಿ ಸಿ ಭಾಷೆ, ಮನೆಯ ಲ್ಯಾಪ್‌ಟಾಪಿನಲ್ಲಿ ಪೈಥಾನ್, ನಡುವೆ ಯುಡಿಪಿ (ಪ್ಯಾಕೆಟ್ ಅನ್ನುವ ಪುಟ್ಟ ಕಟ್ಟುಗಳಲ್ಲಿ ಮಾಹಿತಿ ಕಳಿಸುವ ವಿಧಾನ). ಮೊದಲು ಮಳೆ ಒಂದನ್ನೇ 16 ಬಿಟ್ ಸಂಖ್ಯೆಯಾಗಿ, ಸೆಂಟ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ಕಳಿಸುತ್ತಿದ್ದೆ. ಫೆಬ್ರವರಿಯಲ್ಲಿ ಸೊನ್ನೆ ಸೊನ್ನೆ ಅಂತ ಸರಿಯಾಗೇ ಬಂತು. ಜೂನ್‌ನಲ್ಲಿ 3 ಇಂಚು 25 ಸೆಂಟ್ ಬಿದ್ದ ದಿನ 176 ಇಂಚು 65 ಸೆಂಟ್ ಅಂತ ತೋರಿಸಿತು! ಬೋರ್ಡಿನ ಕೋಡಿನಲ್ಲಿ ಎಚ್‌ಟಿಒಎನ್‌ಎಸ್ ಅನ್ನುವ, ಬೈಟ್ ಕ್ರಮ ತಿರುಗಿಸುವ ಫಂಕ್ಷನ್ ಹಾಕಿದ ಮೇಲೆ ಸರಿಹೋಯಿತು. ಆಮೇಲೆ 16 ಬಿಟ್ ತಾಪಮಾನ, 32 ಬಿಟ್ ಪ್ಯಾಕೆಟ್ ಸಂಖ್ಯೆ ಸೇರಿಸಿ ಸ್ಟ್ರಕ್ಟ್ (ಒಟ್ಟಿಗೆ ಇಟ್ಟ ಸಂಖ್ಯೆಗಳ ಗುಂಪು) ಮಾಡಿ, ಎಲ್ಲಕ್ಕೂ ಅದೇ ಫಂಕ್ಷನ್ ಹಾಕಿದೆ. ಈಗ ಪ್ಯಾಕೆಟ್ ಸಂಖ್ಯೆ 1, 2, 3 ಅಂತ ಏರುವ ಬದಲು 65536, 131072 ಅಂತ ಹಾರುತ್ತಿದೆ. ಎರಡೂ ಯಂತ್ರ ಲಿಟಲ್ ಎಂಡಿಯನ್ (ಚಿಕ್ಕ ಬೈಟನ್ನು ಮೊದಲು ಇಡುವ ಜಾತಿ) ತಾನೇ? ಹಾಗಿದ್ದರೆ ಈ ತಿರುಗಿಸುವ ಕೆಲಸ ಯಾಕೆ? ಯಂತ್ರ ಯಾವ ಜಾತಿ ಅಂತ ಕೋಡಿನಲ್ಲೇ ಪರೀಕ್ಷೆ ಮಾಡಬೇಕಾ?

ಉತ್ತರ: ಬೇಡ. ಯಂತ್ರದ ಜಾತಿ ಕೇಳುವುದನ್ನು ಮೊದಲು ಬಿಡಿ, ಅರ್ಧ ತಲೆನೋವು ಅಲ್ಲೇ ಹೋಗುತ್ತದೆ.

ಮಳೆಯಿಂದ ಶುರು ಮಾಡೋಣ. 3 ಇಂಚು 25 ಸೆಂಟ್ ಅಂದರೆ 325. ಎರಡು ಬೈಟ್‌ನಲ್ಲಿ ಬರೆದರೆ ದೊಡ್ಡ ಬೈಟ್ (256ರ ಸ್ಥಾನ) 1, ಚಿಕ್ಕದು (ಬಿಡಿ ಸ್ಥಾನ) 69, ಯಾಕೆಂದರೆ 256ಕ್ಕೆ 69 ಸೇರಿಸಿದರೆ 325. ಬೋರ್ಡ್ ತನ್ನ ಮೆಮೊರಿಯಲ್ಲಿ ಚಿಕ್ಕದನ್ನು ಮುಂದಿಟ್ಟು 69, 1 ಅಂತ ಇಟ್ಟುಕೊಂಡಿತ್ತು, ನೀವು ಅದನ್ನು ಹಾಗೇ ಕಳಿಸಿದಿರಿ. ಪೈಥಾನ್ ಕಡೆ ಯಾವುದೋ ಉದಾಹರಣೆ ನೋಡಿ, ಬಂದ ಬೈಟ್‌ಗಳನ್ನು ಸಂಖ್ಯೆಯಾಗಿ ಬಿಚ್ಚುವ ಅನ್‌ಪ್ಯಾಕ್‌ಗೆ "!" ಗುರುತು ಹಾಕಿರುತ್ತೀರಿ, ಅಲ್ವಾ? ಆ ಗುರುತಿನ ಅರ್ಥ ನೆಟ್‌ವರ್ಕ್ ಕ್ರಮ, ಅಂದರೆ ದೊಡ್ಡದು ಮೊದಲು. ಅದು 69ನ್ನು 256ರಿಂದ ಗುಣಿಸಿ 1 ಕೂಡಿಸಿತು. 17665 ಸೆಂಟ್. ಮಡಿಕೇರಿಯಲ್ಲಿ ವರ್ಷಪೂರ್ತಿ ಸುರಿದರೂ ಅಷ್ಟಾಗುವುದು ಅಪರೂಪ, ನಿಮಗೆ ಒಂದೇ ದಿನಕ್ಕೆ ಸಿಕ್ಕಿದೆ.

ಫೆಬ್ರವರಿಯಲ್ಲಿ ಯಾಕೆ ಗೊತ್ತಾಗಲಿಲ್ಲ ಅಂದರೆ ಸೊನ್ನೆಯನ್ನು ಎತ್ತ ತಿರುಗಿಸಿದರೂ ಸೊನ್ನೆಯೇ. 2 ಇಂಚು 57 ಸೆಂಟ್ ಬಿದ್ದಿದ್ದರೂ ಸರಿಯಾಗೇ ತೋರಿಸುತ್ತಿತ್ತು, 257ರ ಎರಡು ಬೈಟೂ 1. ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಬಂದಾಗಲೇ ಒಂದು ಸಲ ನೋಡಿದ್ದರೆ ಸಿಕ್ಕಿಬೀಳುತ್ತಿತ್ತು.

ನಮ್ಮ ಕಡೆ ಹೆಸರಿನದ್ದೂ ಇದೇ ಕಥೆ. ಕೊಡವರು ಒಕ್ಕದ (ಮನೆತನದ) ಹೆಸರು ಮೊದಲು ಬರೆದು ಆಮೇಲೆ ಸ್ವಂತ ಹೆಸರು ಬರೆಯುತ್ತಾರೆ. ಹೊರಗಿನ ಫಾರಂ ಸ್ವಂತ ಹೆಸರನ್ನು ಮೊದಲು ಕೇಳುತ್ತದೆ. ಬರೆದವರು ತಮ್ಮ ಕ್ರಮದಲ್ಲಿ ಬರೆದು, ಓದುವವರು ತಮ್ಮ ಕ್ರಮದಲ್ಲಿ ಓದಿದರೆ ಮನೆತನವೇ ಹುಡುಗನ ಹೆಸರಾಗಿಬಿಡುತ್ತದೆ. ಇಲ್ಲಿ ಯಾರ ಕ್ರಮ ಸರಿ ಅಂತ ಜಗಳ ಆಡಿ ಪ್ರಯೋಜನವಿಲ್ಲ, ಫಾರಂನಲ್ಲಿ ಯಾವ ಕ್ರಮ ಅಂತ ಗೊತ್ತಿದ್ದರೆ ಸಾಕು. (ಎಂಡಿಯನ್ ಅನ್ನುವ ಪದ ಬಂದದ್ದೂ ಮೊಟ್ಟೆಯನ್ನು ಯಾವ ತುದಿಯಿಂದ ಒಡೆಯಬೇಕು ಅನ್ನುವ ಕಥೆಯ ಜಗಳದಿಂದಲೇ. ಕಂಪ್ಯೂಟರ್ ವಿಜ್ಞಾನಿ ಡ್ಯಾನಿ ಕೋಹೆನ್ ಅದನ್ನು ಕಂಪ್ಯೂಟರಿಗೆ ತಂದದ್ದು 1980ರ ಏಪ್ರಿಲ್ 1ರಂದು. ತಾರೀಖು ನೋಡಿ ನಗಬೇಡಿ, ಬರಹ ಗಂಭೀರವಾದದ್ದೇ.)

ಈಗ ಪ್ಯಾಕೆಟ್ ಸಂಖ್ಯೆ. ಎಚ್‌ಟಿಒಎನ್‌ಎಸ್ ಅಂದರೆ ಹೋಸ್ಟ್ ಟು ನೆಟ್‌ವರ್ಕ್ ಶಾರ್ಟ್. ಕೊನೆಯ ಎಸ್ ಸುಮ್ನೆ ಇಲ್ಲ, ಅದು 16 ಬಿಟ್‌ಗೆ ಮಾತ್ರ. 1ನ್ನು ಕೊಟ್ಟರೆ 256 ಕೊಡುತ್ತದೆ. ಆ 256 ನಿಮ್ಮ ನಾಲ್ಕು ಬೈಟ್ ಜಾಗದಲ್ಲಿ 0, 1, 0, 0 ಅಂತ ಕೂರುತ್ತದೆ. ಆಚೆ ಕಡೆ ದೊಡ್ಡದು ಮೊದಲು ಅಂತ ಓದಿದಾಗ 65536. ಜೊತೆಗೆ 65535 ದಾಟಿದ ಮೇಲೆ ಲೆಕ್ಕ ಮತ್ತೆ ಸೊನ್ನೆಗೆ ಬರುತ್ತದೆ, ಮೇಲಿನ ಎರಡು ಬೈಟ್ ಆಗಲೇ ಕತ್ತರಿಸಿ ಹೋಗಿರುತ್ತದಲ್ಲ. ಕಂಪೈಲರ್ ಇಷ್ಟಕ್ಕೆಲ್ಲ ಸಾಮಾನ್ಯವಾಗಿ ತುಟಿ ಬಿಚ್ಚುವುದಿಲ್ಲ. ಇಲ್ಲಿ ಎಚ್‌ಟಿಒಎನ್‌ಎಲ್ (ಅದೇ ಕೆಲಸದ 32 ಬಿಟ್ ಫಂಕ್ಷನ್) ಬೇಕಿತ್ತು.

ಆದರೆ ನನ್ನ ಕೇಳಿದರೆ ಈ ಫಂಕ್ಷನ್‌ಗಳನ್ನು ಪೋರ್ಟ್ ನಂಬರಿಗೆ (ಮಾಹಿತಿ ಯಾವ ಪ್ರೋಗ್ರಾಮಿಗೆ ಅಂತ ತೋರಿಸುವ ಸಂಖ್ಯೆ), ಐಪಿ ವಿಳಾಸಕ್ಕೆ ಮಾತ್ರ ಇಟ್ಟುಕೊಳ್ಳಿ. (ಸಿ ಕೋಡಿನಲ್ಲಿ ಪೋರ್ಟಿಗೆ ಅದನ್ನು ಮರೆತರೆ 5000 ಅಂದುಕೊಂಡದ್ದು 34835ರಲ್ಲಿ ಕಿವಿಗೊಟ್ಟು ಕೂತಿರುತ್ತದೆ. ಎರಡೂ ಕಡೆ ಮರೆತರೆ ಇನ್ನೂ ಕಷ್ಟ, ಸರಿಯಾಗೇ ಕೆಲಸ ಮಾಡುತ್ತದೆ! ಮೂರನೆಯವರು ಬಂದಾಗ ಮಾತ್ರ ಬಯಲು.) ನಿಮ್ಮ ಸ್ವಂತ ಡೇಟಾವನ್ನು ಒಂದೊಂದೇ ಬೈಟ್ ಆಗಿ ಬರೆಯಿರಿ:

ಬಫ್[0] = ಮಳೆ >> 8;
ಬಫ್[1] = ಮಳೆ & 255;

ಶಿಫ್ಟ್ (>> ಗುರುತು, ಬಿಟ್‌ಗಳನ್ನು ಬಲಕ್ಕೆ ಸರಿಸುವುದು) ಕೆಲಸ ಮಾಡುವುದು ಸಂಖ್ಯೆಯ ಬೆಲೆಯ ಮೇಲೆ, ಮೆಮೊರಿಯಲ್ಲಿ ಅದು ಹೇಗೆ ಮಲಗಿದೆ ಅನ್ನುವುದರ ಮೇಲೆ ಅಲ್ಲ. ಹಾಗಾಗಿ ಇದೇ ಎರಡು ಸಾಲು ಯಾವ ಯಂತ್ರದಲ್ಲೂ ಒಂದೇ ಬೈಟ್‌ಗಳನ್ನು ಕೊಡುತ್ತದೆ. 32 ಬಿಟ್‌ಗೆ 24, 16, 8 ಅಂತ ಶಿಫ್ಟ್ ಮಾಡಿ. ಮುಂದೆ ಸಿ ಕಡೆಯಿಂದಲೇ ಓದುವುದಾದರೆ ಮೊದಲ ಬೈಟನ್ನು 24 ಸ್ಥಾನ ಎಡಕ್ಕೆ ತಳ್ಳುವ ಮೊದಲು ಚಿಹ್ನೆ ಇಲ್ಲದ 32 ಬಿಟ್‌ಗೆ ಬದಲಿಸಿಕೊಳ್ಳಿ, ಇಲ್ಲದಿದ್ದರೆ ಬೈಟ್ 127 ದಾಟಿದಾಗ ಸಮಸ್ಯೆ. ಕಳಿಸುವ ಬಾಗಿಲಲ್ಲಿ ಒಂದು ಸಲ, ಒಳಗೆ ಬರುವ ಬಾಗಿಲಲ್ಲಿ ಒಂದು ಸಲ, ಅಷ್ಟೇ. ಪ್ರೋಗ್ರಾಮಿನ ನಡುವೆ ಎಲ್ಲೂ ತಿರುಗಿಸಬೇಡಿ.

ಸ್ಟ್ರಕ್ಟನ್ನು ಹಾಗೇ ಕಳಿಸುವ ಅಭ್ಯಾಸವನ್ನೂ ಬಿಡಿ. ಈಗ 2, 2, 4 ಸೇರಿ ಸರಿಯಾಗಿ 8 ಬೈಟ್ ಆಗಿರುವುದು ಅದೃಷ್ಟ. ನಾಳೆ ಬ್ಯಾಟರಿ ಮಟ್ಟಕ್ಕೆ ಅಂತ ಮುಂದೆ ಒಂದು ಬೈಟ್ ಸೇರಿಸಿದರೆ 9 ಆಗುವುದಿಲ್ಲ, ಕಂಪೈಲರ್ ಮಧ್ಯೆ ಖಾಲಿ ಜಾಗ ಬಿಟ್ಟು 12 ಮಾಡುತ್ತದೆ. ಪೈಥಾನ್ 9 ಕಾಯುತ್ತಿರುತ್ತದೆ, ಸಿಗುವುದು ಎರರ್.

ಹಳೆಯ ಪರೀಕ್ಷೆಯ ಸೊನ್ನೆಗಳನ್ನು ತೆಗೆದು ಮಳೆಗೆ 258, ಪ್ಯಾಕೆಟ್ ಸಂಖ್ಯೆಗೆ 16909060 ಕೊಟ್ಟು ಕಳಿಸಿ. ಟಿಸಿಪಿಡಂಪ್‌ನಲ್ಲಿ (ನೆಟ್‌ವರ್ಕಿನಲ್ಲಿ ಹೋಗುವ ಬೈಟ್‌ಗಳನ್ನು ಬೈಟಿಗೆ ಎರಡು ಅಂಕಿಯಂತೆ ತೋರಿಸುವ ಸಾಧನ) ಮಳೆಯ ಜಾಗದಲ್ಲಿ 0102, ಪ್ಯಾಕೆಟ್ ಸಂಖ್ಯೆಯ ಜಾಗದಲ್ಲಿ 0102 0304 ಅಂತ ಕಾಣಬೇಕು. 0201 ಕಂಡರೆ ತಪ್ಪು ಬೋರ್ಡಿನ ಕಡೆ ಇದೆ, ಪೈಥಾನನ್ನು ಮುಟ್ಟಲು ಹೋಗಬೇಡಿ. ಅಲ್ಲಿಯವರೆಗೆ ಅಪ್ಪನ ಪುಸ್ತಕ ನಿಲ್ಲಿಸಬೇಡಿ.